ದಗಡಫೂಲಿನ ವಾಸನೆ

ಬೇಸಿಗೆಯಲ್ಲಿ ಓಣಿಯ ಐದು ಮನೆಗಳ ಮಸಾಲೆ ಖಾರಕ್ಕೆ ಸಾಮಾನು ಹುರಿಯುತ್ತಿದ್ದುದು ಬಸವಕಲ್ಯಾಣದ ನಮ್ಮ ಅಂಗಳದಲ್ಲೇ. ಹುರಿಯುವವರು ಯಾರಾದರೂ ಆಗಬಹುದಿತ್ತು. ಬಾಣಲೆ 'ಇಳಸು' ಎನ್ನುವವಳು ಮಾತ್ರ ನನ್ನ ಅವ್ವ. ಒಲೆಗೆ ಬೆನ್ನು ಮಾಡಿ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತ, ಬರೀ ವಾಸನೆಯಿಂದ ಹದ ಹೇಳುತ್ತಿದ್ದಳು.

ತೊಂಬತ್ತರ ದಶಕದ ಕೊನೆ. ಗುಲಬರ್ಗಾದಲ್ಲಿ ಎಂ.ಎಸ್ಸಿ. ಓದುತ್ತಿದ್ದ ನಾನು ರಜೆಗೆ ಬಂದಿದ್ದೆ. ಅಂದು ದಗಡಫೂಲು ಹೊತ್ತಿತು. ಒಣ ಎಲೆಯಂಥ ಆ ಕಲ್ಲುಹೂವು ಕ್ಷಣ ತಡವಾದರೂ ಕಹಿ. ನನಗೇ ಕಮಟು ಬಡಿಯಿತು. ಅವ್ವ ತೊಟ್ಟು ಮುರಿಯುತ್ತಲೇ ಇದ್ದಳು.

"ಏನ್ ವೈನಿ, ಮೂಗು ತವರಮನಿಗಿ ಕಳಿಸೀರೇನು?" ಎಂದು ಅವ್ವನನ್ನು ಕೆಣಕಿದಳು ಮಗ್ಗುಲ ಮನೆಯ ಕಾಕು.

ಎಲ್ಲರೂ ನಕ್ಕರು. ಅವ್ವನೂ ನಕ್ಕು ಒಳಗೆದ್ದು ಹೋದಳು. ಹಿಂದೆಯೇ ಹೋದೆ. ಬಚ್ಚಲಲ್ಲಿ ಮೂಗು ತೊಳೆಯುತ್ತಿದ್ದಳು. ನೀರು ಕೆಂಪಗಿತ್ತು.

"ಯಾವಾಗಿಂದ?"

"ಸಂಕ್ರಾಂತಿಯಿಂದ. ಯಾರ ಮುಂದೂ ಅನಬ್ಯಾಡ." ಗೋಡೆ ನೋಡುತ್ತ ಮುಂದುವರಿಸಿದಳು: "ತಿಂಗಳದ್ದು ನಿಂತು ಎರಡು ವರ್ಷಾತು. ಕೆಳಗ ದಾರಿ ಮುಚ್ಚಿದ್ದು ಈಗ ಮ್ಯಾಲ ಬರಾಕತ್ತದ. ಐದು ಮನಿ ಖಾರದಾಗ ಒಂದು ಹನಿ ಬಿದ್ರ? ಇನ್ನ ಒಲಿ ಹತ್ರ ನಾ ಕೂಡಂಗಿಲ್ಲ."

ಹಾಗಲ್ಲ ಎಂದು ನನಗೆ ಗೊತ್ತಿತ್ತು. ಆದರೆ ನಮ್ಮಿಬ್ಬರ ನಡುವೆ ಮುಟ್ಟಿನ ವಿಷಯ ಎಂದೂ ಬಂದಿರಲಿಲ್ಲ. ಮೂಗಿಗೆ ಏನು ಹಾಕುತ್ತೀ ಎಂದಷ್ಟೇ ಕೇಳಿದೆ. ಸೊಂಟದ ಸಂಚಿಯಿಂದ ಪುಟ್ಟ ಡಬ್ಬಿ ತೆಗೆದಳು. ತಪಕೀರು, ನಶ್ಯದ ಪುಡಿ. ಮೂಗು ಕಟ್ಟಿದಾಗ ಇದನ್ನು ಏರಿಸಿದರೆ ಸೀನು ಬಂದು ಬಿಚ್ಚಿಕೊಳ್ಳುತ್ತದೆ ಎಂದು ಕಾಕು ಕಲಿಸಿದ್ದಳು.

ಊರಲ್ಲಿ ತೋರಿಸಲು ಅವ್ವ ಒಪ್ಪಲಿಲ್ಲ. ದವಾಖಾನೆಯ ಕಂಪೌಂಡರು ನಮ್ಮ ಓಣಿಯವನು. ಮರುದಿನ ಹುಮನಾಬಾದಿಗೆ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಸೆರಗು ಮುಚ್ಚಿಕೊಂಡು ಬಾಯಿಂದಲೇ ಉಸಿರಾಡಿದಳು. ನಡುದಾರಿಯ ರಾಜೇಶ್ವರ ಊರು ಬರುವಷ್ಟರಲ್ಲಿ ತುಟಿ ಒಣಗಿ ಬಿರಿದಿತ್ತು.

ಡಾಕ್ಟರಮ್ಮ ಬ್ಯಾಟರಿ ಬಿಟ್ಟು ನೋಡಿದರು. "ಮುಟ್ಟು ನಿಂತ ಮ್ಯಾಲ ಮೈಯಾಗಿನ ಹಾರ್ಮೋನು ಕಡಿಮಿ ಆಗ್ತದ್ರಿ. ಕೆಲವರಿಗಿ ಮೂಗಿನ ಒಳಪೊರೆನೂ ಒಣಗ್ತದ. ಹಕ್ಕಳಿ ಕಟ್ಟಿದ್ದಕ್ಕ ಉಸಿರು ಸರಾಗ ಆಡಂಗಿಲ್ಲ, ವಾಸನಿ ಹತ್ತಂಗಿಲ್ಲ; ಹಕ್ಕಳಿ ಕಿತ್ತಾಗ ರಕ್ತ ಬರ್ತದ. ಅದರಾಗ ನೀವು ತಪಕೀರು ತುಂಬೀರಿ."

"ಹಂಗಾದ್ರ ಇದು ಆ ರಕ್ತ ಅಲ್ರಿ?"

"ಅಲ್ರಿ. ಮೂಗಿಂದೇ."

ಅವ್ವ ಇನ್ನೊಮ್ಮೆ ಕೇಳಿದಳು. ಅವರು ಇನ್ನೊಮ್ಮೆ ಹೇಳಿದರು. ಉಪ್ಪುನೀರಿನ ಹನಿ ಕೊಟ್ಟರು, ತಪಕೀರು ಬಿಡಿಸಿದರು. ವಾಸನೆ ತಿರುಗಿ ಬಂದೇ ಬರುತ್ತದೆ ಎಂದು ಮಾತ್ರ ಮಾತು ಕೊಡಲಿಲ್ಲ.

ಅವ್ವ ಡಬ್ಬಿ ತೊಳೆದು ಅದರಲ್ಲಿ ದಗಡಫೂಲು ತುಂಬಿಟ್ಟಳು. ದಿನಾ ಮುಂಜಾನೆ ಹನಿ ಹಾಕಿಕೊಂಡು, ಸ್ವಲ್ಪ ಹೊತ್ತು ಬಿಟ್ಟು, ಮುಚ್ಚಳ ತೆರೆದು ಮೂಸುವಳು. ನಾನು ಹಾಸ್ಟೆಲಿಗೆ ಮರಳಿದ ಮೇಲೆ ಬಂದ ಕಾಗದಗಳಲ್ಲಿ ಒಂದೇ ಸಾಲು: ರಕ್ತ ನಿಂತದ, ಡಬ್ಬಿ ಇನ್ನಾ ಸುಮ್ಮನದ. ದೀಪಾವಳಿ ಕಳೆದ ಮೇಲಿನ ಕಾಗದದಲ್ಲಿ ಡಬ್ಬಿಯ ಸುದ್ದಿಯೇ ಇರಲಿಲ್ಲ. ಕೇಳಲು ನನಗೆ ಧೈರ್ಯವಾಗಲಿಲ್ಲ.

ಮುಂದಿನ ಬೇಸಿಗೆಗೆ ಬಂದಾಗ ಅವ್ವ ಒಲೆಗೆ ಬೆನ್ನು ಮಾಡಿ ಕೂತಿದ್ದಳು. ಬಾಯಿ ಮುಚ್ಚಿ ಮೂಗಿನಿಂದಲೇ ಉಸಿರಾಡುತ್ತಿದ್ದಳು. ದಗಡಫೂಲು ಹುರಿಯುತ್ತಿದ್ದವಳು ಕಾಕು. ನನಗಿನ್ನೂ ಏನೂ ಘಮ ತಾಗಿರಲಿಲ್ಲ.

"ಇಳಸು," ಎಂದಳು ಅವ್ವ.

"ಇನ್ನಾ ಬಣ್ಣ ಬಂದಿಲ್ಲ, ವೈನಿ."

"ನಿನ್ನ ಕಣ್ಣು ನಿನ್ನ ಹತ್ರ ಇಟ್ಕೋ. ಇಳಸು ಅಂದೆ."

ಕಾಕು ಬಾಣಲೆ ಇಳಿಸಿದಳು. ಆಗ ಘಮ ನನಗೂ ತಾಗಿತು, ಕಮಟಿರಲಿಲ್ಲ.