ಶಹಜಾದಬಿಯ ಮಶೇರಿ

ಅಕ್ಕೋಳದ ಶಹಜಾದಬಿಗೆ ಅರವತ್ತೇಳು. ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷ, ಬಿಪಿ ಬಂದು ಆರು. ಎರಡನ್ನೂ ಬೇಡದ ಬೀಗರಂತೆ ಸಹಿಸಿಕೊಂಡು ಬಂದಿದ್ದಳು. ಆದರೆ ಹೋದ ರಂಜಾನ್ ಮುಗಿದ ವಾರದಲ್ಲೇ ಬೋರಗಾಂವದಲ್ಲಿದ್ದ ತಂಗಿ ಮಸರತ, ರೊಟ್ಟಿ ಬಡಿಯುತ್ತ ಕೂತವಳು, ಗೋಡೆಗೆ ಒರಗಿ ಹೋಗಿಬಿಟ್ಟಳು. ಎದೆನೋವಿಲ್ಲ, ನರಳಲಿಲ್ಲ. ಸಕ್ಕರೆ ಇದ್ದವರಿಗೆ ಹಾರ್ಟ್ ಅಟ್ಯಾಕ್ ಹೀಗೆ ಸದ್ದಿಲ್ಲದೆಯೂ ಬರುತ್ತದೆ ಎಂದರು ಡಾಕ್ಟರು. ಅಂದಿನಿಂದ ಶಹಜಾದಬಿಗೆ ಒಂದೇ ಭಯ. ಮುಂದಿನ ಪಾಳಿ ತನ್ನದು.

ಸರಿ, ಬಾಯಿ ಕಟ್ಟಿದಳು ನೋಡಿ! ಚಹಾಕ್ಕೆ ಸಕ್ಕರೆ ಬಂದ್. ಉಪ್ಪಿನಕಾಯಿ, ಹಪ್ಪಳ ಬಂದ್. ಬಕ್ರೀದಿನ ಮಟನ್ನಿನಲ್ಲೂ ಎರಡೇ ಚೂರು, ಕೊಬ್ಬು ತೆಗೆದದ್ದು. ಬೆಳಿಗ್ಗೆ ಎದ್ದು ಕಬ್ಬಿನ ಹೊಲದ ದಾರಿಯಲ್ಲಿ ನಡಿಗೆ. ಸಕ್ಕರೆಯೇನೋ ಇಳಿಯಿತು. ಬಿಪಿ ಮಾತ್ರ ಜಪ್ಪಯ್ಯ ಅಂದರೂ ಇಳಿಯಲೊಲ್ಲದು. ಆಸ್ಪತ್ರೆಗೆ ಹೋದಾಗಲೆಲ್ಲ ನೂರಾ ಎಪ್ಪತ್ತು.

"ತಂಬಾಕ ತಿಂತೀರೇನ್ರಿ ಚಾಚಿ?" ನರ್ಸ್ ಮನಿಷಾ ಪ್ರತಿ ಸಲ ಕೇಳುವಳು.

"ತೋಬಾ ತೋಬಾ! ಅದು ಗಂಡಸರ ಚಟ ರೀ."

ಸುಳ್ಳೇನಲ್ಲ. ತಂಬಾಕನ್ನು ಆಕೆ ತಿಂದವಳೇ ಅಲ್ಲ. ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ದಿನಕ್ಕೆ ನಾಲ್ಕು ಸಲ ಹಲ್ಲಿಗೆ ತಿಕ್ಕುತ್ತಿದ್ದಳು, ಅಷ್ಟೇ. ಅದಕ್ಕೆ ಮಶೇರಿ ಎನ್ನುತ್ತಾರೆ. ಆ ಓಣಿಯಲ್ಲಿ ಹಲ್ಲಿದ್ದ ಹೆಂಗಸರಿಗೂ ಅದು ಬೇಕು, ಹಲ್ಲು ಉದುರಿದವರಿಗೂ ಬೇಕು. ಹದವಾಗಿ ಹುರಿಯುವುದರಲ್ಲಿ ಶಹಜಾದಬಿಯ ಕೈಗೆ ಹೆಸರು.

ಒಂದು ಗುರುವಾರ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತಿದ್ದಾಗ, ಡಾಕ್ಟರ ಮುಂದೆ ಹೊಲಸು ಬಾಯಿ ತೆರೆಯುವುದು ಹೇಗೆಂದು ಡಬ್ಬಿ ತೆಗೆದು ತಿಕ್ಕತೊಡಗಿದಳು. ಮನಿಷಾ ಕಂಡುಬಿಟ್ಟಳು.

"ಚಾಚಿ! ತಂಬಾಕ ಇಲ್ಲ ಅಂತಿದ್ರಿ?"

"ಇದು ಮಶೇರಿ ಅಲ್ಲೇನ್ರಿ ಸಿಸ್ಟರ್?"

"ಏನ್ ಹುರದ ಮಾಡ್ತೀರಿ ಇದನ್ನ?"

ಶಹಜಾದಬಿಯ ಬೆರಳು ಬಾಯಲ್ಲೇ ನಿಂತಿತು.

"ಒಸಡಿನಿಂದ ಸೀದಾ ರಕ್ತಕ್ಕ ಹೋಗತೈತ್ರಿ. ಸಕ್ಕರಿ ಇದ್ದವರ ಹಾರ್ಟಿಗೆ ಬೆಂಕಿ ಇದು. ನೀವರ ಬಿಪಿ ತೋರಸಾಕ ಬರೂದ ಇದನ್ನ ತಿಕ್ಕೊಂಡ!"

ಬಿಟ್ಟಳು. ಬಿಡುವುದೇನು ಹೂವು ಎತ್ತಿದಂತೆಯೇ? ಎಂಟು ದಿನ ತಲೆ ಸಿಡಿಯಿತು, ಸೊಸೆ ನಾಜಿಮಾ ಮಾಡಿದ ಪಲ್ಯದಲ್ಲೆಲ್ಲ ತಪ್ಪು ಕಂಡಿತು. ನಾಜಿಮಾ ಬೇರೆ ಯಾರೂ ಅಲ್ಲ, ಮಸರತಳ ಮಗಳೇ. ತಿಂಗಳು ಬಿಟ್ಟು ಅಳೆದಾಗ ಬಿಪಿ ನೂರಾ ನಲವತ್ತು! ಶಹಜಾದಬಿ ಮನೆಗೆ ಬಂದು ಸೊಸೆಗೆ ನಡೆದದ್ದನ್ನೆಲ್ಲ ಹೇಳಿದಳು, ತನ್ನ ಜೀವ ಉಳಿಯಿತೆಂದು ನಕ್ಕಳು.

ನಾಜಿಮಾ ನಗಲಿಲ್ಲ. "ಅಮ್ಮಿನೂ ಇದನ್ನ ತಿಕ್ಕತಿದ್ಲಲ್ಲ, ಖಾಲಾ?"

ಅಲ್ಲಾಹನ ಇಚ್ಛೆ ಎಂದು ಒಂದೇ ಮಾತಿನಲ್ಲಿ ದಾಟಿಬಿಡಬಹುದಿತ್ತು. ಶಹಜಾದಬಿಗೆ ದಾಟಲಾಗಲಿಲ್ಲ.

"ತಿಕ್ಕತಿದ್ಲು ಬೇಟಿ. ತಿಂಗಳಿಗೊಂದ ಡಬ್ಬಿ ಬೇಕಾಗತಿತ್ತ ಆಕಿಗೆ. ನಾನಽ ಹುರದ ಕಳಸ್ತಿದ್ದೆ."