ಏಕಾದಶಿಯ ಓಟ

ಆಫೀಸಿನ ಮೀಟಿಂಗಿನಲ್ಲಿ ಕೂತಿರುವಾಗಲೂ ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತದೆ, ಬ್ರೇಕ್ ಅಲ್ಲೇ ಇದೆಯೇನೋ ಎಂಬಂತೆ. ಒತ್ತಬೇಕಾದ ದಿನ ಒತ್ತಬೇಕಾಗಿದ್ದುದು ನಾನಲ್ಲ, ಲಾರಿಯವನು. ಆದರೂ ಕಾಲು ಕೇಳುವುದಿಲ್ಲ.

ಆ ದಿನ ನನ್ನ ಕಾರಿನ ಮುಂದೆ ಓಡುತ್ತಿದ್ದವಳು ನನ್ನ ಅಕ್ಕನ ಮಗಳು. ಅಕ್ಕ, ಭಾವ ಅಮೆರಿಕದಲ್ಲಿದ್ದಾಗ ಹುಟ್ಟಿದ್ದರಿಂದ ಅಲ್ಲಿನ ಪಾಸ್‌ಪೋರ್ಟು. ಬೆಳೆದದ್ದು ಇಲ್ಲಿ, ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ. ಕಾಲೇಜಿಗೆ ಮತ್ತೆ ಅಮೆರಿಕಕ್ಕೆ ಹೋದವಳು ಪದವಿಯ ಜೊತೆಗೆ ಅಲ್ಲಿನ ಸರ್ಕಾರದ ಶಿಕ್ಷಣ ಸಾಲವನ್ನೂ ಹೊತ್ತು ಬಂದಳು. ಅಲ್ಲಿನ ಸೈನ್ಯಕ್ಕೆ ಸೇರಿದರೆ, ಸೇವೆಯ ಒಂದೊಂದು ವರ್ಷ ಮುಗಿದಂತೆ ಸಾಲದ ಒಂದೊಂದು ಭಾಗವನ್ನು ಸೈನ್ಯವೇ ತೀರಿಸುತ್ತದೆ ಎಂದು ತಿಳಿದ ಮೇಲೆ ಅವಳಿಗೆ ಬೇರೆ ಯೋಚನೆಯೇ ಇರಲಿಲ್ಲ. ಬಾಯಿಮಾತು ಸಾಲದು, ಒಪ್ಪಂದದಲ್ಲೇ ಬರೆದಿರಬೇಕು ಎಂದು ವಿಡಿಯೊ ಕರೆಯಲ್ಲಿ ಅಧಿಕಾರಿಯ ಜೊತೆ ವಾದಿಸಿ ಒಪ್ಪಿಸಿದ್ದಳು. ಉಳಿದದ್ದು ಓಟ, ತೂಕ, ಆರೋಗ್ಯದ ಫಾರಂ. ತೂಕ ಮೂರು ಕಿಲೊ ಹೆಚ್ಚಿತ್ತು.

ಅಕ್ಕನ ಮನೆಯಲ್ಲಿ ಏಕಾದಶಿ ಎಂದರೆ ನೀರೂ ಇಲ್ಲ. ಅದನ್ನು ಗೇಲಿ ಮಾಡುತ್ತಿದ್ದವಳು ಆ ಸಲ ತಾನೂ ಉಪವಾಸ ಮಾಡುತ್ತೇನೆ ಎಂದಾಗ ಅಕ್ಕ ಊರಿಗೆಲ್ಲ ಫೋನು ಮಾಡಿ ಹೇಳಿದಳು. ಸಂಜೆ ಐದಕ್ಕೆ ಅವಳು ಪುತ್ರಜಯಾದ ನನ್ನ ಮನೆಗೆ ಬಂದಳು. ಇಲ್ಲಿನ ರಸ್ತೆಗಳು ಅಗಲ, ಓಡಲು ಅನುಕೂಲ. ಬೆವರು ಹೆಚ್ಚು ಹರಿಯಲೆಂದು ಟೀ ಶರ್ಟಿನ ಮೇಲೆ ರೇನ್‌ಕೋಟು.

"ಅಮ್ಮ ಥಿಂಕ್ಸ್ ಇಟ್ಸ್ ಭಕ್ತಿ. ಈಗ ತೂಕದ ಮೆಷಿನ್ನೇ ನನ್ ದೇವ್ರು, ಚಿಕ್ಕಿ. ಡೋಂಟ್ ಟೆಲ್ ಹರ್ ಲಾ." ಮಾತಿನ ಕೊನೆಗೆ ಇಲ್ಲಿನವರ ಹಾಗೆ ಒಂದು 'ಲಾ'.

"ಒಂದ್ ಗುಟುಕು ನೀರಾದ್ರೂ ಕುಡಿಯೇ."

"ನೋ ವೇ. ನೀರಿಗೂ ತೂಕ ಇದೆ."

ನಾನು ನಕ್ಕುಬಿಟ್ಟೆ.

ಅವಳು ರಸ್ತೆಯ ಎಡಬದಿಯಲ್ಲಿ ಓಡುತ್ತಿದ್ದಳು. ನಾನು ನಾಲ್ಕೂ ದೀಪ ಮಿನುಗಿಸುತ್ತ ಕಾರನ್ನು ಹಿಂದೆ ನಿಧಾನಕ್ಕೆ ಬಿಟ್ಟುಕೊಂಡು ಹೋಗುತ್ತಿದ್ದೆ. ಎರಡನೇ ವೃತ್ತ ದಾಟಿದ ಮೇಲೆ ಅವಳ ಹೆಜ್ಜೆ ಬಲಕ್ಕೆ ವಾಲಿತು. ಏನೋ ತಮಾಷೆ ಅಂದುಕೊಂಡೆ. ಪಕ್ಕದ ಲೇನಿಗೆ ಹೋಗಿ, ಮಡಚಿಟ್ಟ ಬಟ್ಟೆಯ ಹಾಗೆ ಕುಸಿದಳು. ಅದೇ ಲೇನಿನಲ್ಲಿ ನನ್ನನ್ನು ದಾಟಿ ಲಾರಿ ಬಂತು. ಹಾರ್ನು, ಟೈರಿನ ಕಿರುಚು, ಸುಟ್ಟ ರಬ್ಬರಿನ ವಾಸನೆ. ಲಾರಿ ಅವಳಿಗೆ ತಾಕದೆ ನಿಂತಿತ್ತು. ಲಾರಿಯವನು ತಮಿಳಿನಲ್ಲಿ ಬೈಯುತ್ತಲೇ ಇಳಿದ. ಅವಳ ಮುಖ ನೋಡಿದವನೇ ಓಡಿಹೋಗಿ ತನ್ನ ಬಾಟಲಿ ತಂದ. "ತಣ್ಣಿ ಕುಡುಂಗಮ್ಮಾ, ತಣ್ಣಿ!" ನೀರು ಕೊಡಿ ಎಂದು ಅವನು ಕೂಗುತ್ತಿದ್ದರೂ ನಾನು ಬಾಟಲಿ ಹಿಡಿದುಕೊಂಡು ನಿಂತಿದ್ದೆ. ಮುಚ್ಚಳ ತೆಗೆದದ್ದೂ ಅವನೇ. ಆಮೇಲೆ ಕ್ಲಿನಿಕ್ಕು, ಡ್ರಿಪ್ಪು, ಅಕ್ಕನಿಗೆ ಹೇಳದೆ ನನ್ನ ಮನೆಯಲ್ಲೇ ಎರಡು ದಿನ ವಿಶ್ರಾಂತಿ.

ಮೂರನೇ ದಿನ ನನ್ನ ಊಟದ ಮೇಜಿನಲ್ಲಿ ಅವಳು ಲ್ಯಾಪ್‌ಟಾಪಿನಲ್ಲಿ ಆರೋಗ್ಯದ ಫಾರಂ ತುಂಬುತ್ತಿದ್ದಳು. ಎಂದಾದರೂ ಪ್ರಜ್ಞೆ ತಪ್ಪಿದ್ದುಂಟೇ ಎಂಬ ಪ್ರಶ್ನೆಗೆ ಬಂದು ನಿಂತಳು.

"ನೋ ಅಂತ ಹಾಕ್ತೀನಿ. ನೋಡಿದ್ದು ನೀನು, ಆ ಲಾರಿ ಅಂಕಲ್ ಅಷ್ಟೇ ತಾನೇ?"

"ಅಲ್ಲೂ ಬಿಸಿಲಲ್ಲೇ ಓಡಿಸ್ತಾರೆ ಕಣೇ. ಹಿಂದೆ ಕಾರಲ್ಲಿ ನಾನಿರಲ್ಲ."

"ಯೆಸ್ ಅಂದ್ರೆ ಕಾಂಟ್ರಾಕ್ಟೇ ಹೋಗ್ಬೋದು. ಆಮೇಲೆ ಲೋನ್? ಯು ಪೇ ಲಾ."

"ಹೋದ್ರೆ ಹೋಗ್ಲಿ. ಸುಳ್ಳು ಬರೆದ್ರೆ ನಿಮ್ಮಮ್ಮಂಗೆ ಈಗ್ಲೇ ಫೋನ್."

"ವಾವ್. ಬ್ಲ್ಯಾಕ್‌ಮೇಲ್."

ಅವಳು ಆ ಪ್ರಶ್ನೆಯನ್ನು ಇನ್ನೊಮ್ಮೆ ಓದಿದಳು. ಆಮೇಲೆ ಹೌದು ಎಂದು ಒತ್ತಿದಳು. ಕೂಡಲೇ ಕೆಳಗೆ ಇನ್ನೊಂದು ಖಾಲಿ ಜಾಗ ತೆರೆದುಕೊಂಡಿತು: ಎಷ್ಟು ಹೊತ್ತು?

"ಎಷ್ಟ್ ನಿಮಿಷ, ಚಿಕ್ಕಿ?"

ನನಗೆ ಗೊತ್ತಿರಲಿಲ್ಲ. ನನ್ನೊಳಗೆ ಅದು ಒಮ್ಮೆ ಅರ್ಧ ಗಂಟೆ, ಒಮ್ಮೆ ಒಂದು ಉಸಿರು. ಕಾರಿನ ಕ್ಯಾಮೆರಾದಲ್ಲಿ ಎಲ್ಲ ಇತ್ತು, ತೆರೆಯಲು ಧೈರ್ಯವಿರಲಿಲ್ಲ. ಅವಳೇ ತೆರೆದಳು. ತಾನು ಬೀಳುವುದನ್ನು ಅವಳು ನೋಡಿದ್ದು ಅದೇ ಮೊದಲು. ಕೊನೆಯವರೆಗೂ ನೋಡಿ, ಎರಡು ನಿಮಿಷ ಎಂದು ಬರೆದು ಕಳಿಸಿದಳು.

ಉತ್ತರ ಇನ್ನೂ ಬಂದಿಲ್ಲ. ಅವಳ ಫೋನು ಸದ್ದು ಮಾಡಿದರೆ ಇಬ್ಬರೂ ಒಟ್ಟಿಗೆ ತಿರುಗುತ್ತೇವೆ. ಅವಳಿಗೆ ಯಾವ ಉತ್ತರ ಬೇಕೆಂಬುದು ಸ್ಪಷ್ಟ. ನನಗೆ ಯಾವುದು ಬೇಕೆಂದು ಅವಳು ಕೇಳಿಲ್ಲ, ಕೇಳದಿರಲಿ.