ಎಲೆ ಒಬ್ಬರದು, ಅಡಿಕೆ ಇನ್ನೊಬ್ಬರದು

ಇಲ್ಲ, 1979 ಅಲ್ಲ, 1978 ಇರಬೇಕು. ಭತ್ತ ನಾಟಿ ಮಾಡುತ್ತಿದ್ದ ಗಂಗಮ್ಮನ ಮಾತುಗಳಾದರೂ ಸರಿಯಾಗಿ ನೆನಪಿವೆ ಎಂದು ಬರೆಯಹೊರಟರೆ, ಅವುಗಳಲ್ಲೂ ಅರ್ಧ ನಾನೇ ಕಟ್ಟಿದ್ದೇನೋ ಎಂಬ ಅನುಮಾನ. ಹಲವು ಸಲ ಹೇಳಿದ ಸಂಗತಿ ಬಾಯಲ್ಲೇ ನುಣುಪಾಗಿಬಿಡುತ್ತದೆ. ಖಚಿತವಾಗಿ ಗೊತ್ತಿರುವುದು ಇಷ್ಟು: ನಾನಾಗ ಚನ್ನಗಿರಿ ತಾಲ್ಲೂಕಿನ ಒಂದು ಭತ್ತದ ತರಬೇತಿ ಕೇಂದ್ರದಲ್ಲಿ ಬೋಧಕ. ಹಿಮಾಲಯದ ಪುಟ್ಟ ದೇಶವೊಂದರ ಕೃಷಿ ಅಧಿಕಾರಿ ಆರು ವಾರ ಕಲಿಯಲು ಬಂದಿದ್ದ. ಹೆಸರು ದೋರ್ಜಿ; ನಾಟಿ ಹೆಂಗಸರ ಬಾಯಲ್ಲಿ ಮೂರೇ ದಿನಕ್ಕೆ ದೋರ್ಜಪ್ಪ. ನನಗೆ ಹಿಂದಿ ಬರುತ್ತಿದ್ದುದರಿಂದ ದುಭಾಷಿ ಕೆಲಸವೂ ನನ್ನ ಪಾಲಿಗೇ ಬಿತ್ತು.

ಅವನ ದೇಶದ ಉತ್ತರಕ್ಕೊಂದು ದೊಡ್ಡ ದೇಶ, ದಕ್ಷಿಣಕ್ಕೆ ನಾವು. ಅವರು ಉಣ್ಣೆ ಮಾರುತ್ತಿದ್ದುದು ಅಲ್ಲಿ, ಉಪ್ಪು ತರುತ್ತಿದ್ದುದು ಇಲ್ಲಿಂದ. ನಮಗೂ ಉತ್ತರದವರಿಗೂ ಆಗಿಬರುತ್ತಿರಲಿಲ್ಲ. ಇಬ್ಬರೂ ಅವನ ಕಣಿವೆಯ ಭತ್ತಕ್ಕೆ ನೆರವು ಕೊಡಲು ಪೈಪೋಟಿಯಲ್ಲಿದ್ದೆವು. ಅವನು ಹೊರಡಲು ಒಂದು ವಾರವಿದ್ದಾಗ ನಮ್ಮ ಮೇಲಧಿಕಾರಿಗಳಿಂದ ಇಂಗ್ಲಿಷಿನ ಕರಡು ಪತ್ರವೊಂದು ಬಂತು. ‘ಕಣಿವೆಯ ಬೇಸಾಯಕ್ಕೆ ಭಾರತದ ನೆರವನ್ನು ಮಾತ್ರ ಪಡೆಯಲು ನನ್ನ ಸರ್ಕಾರಕ್ಕೆ ಶಿಫಾರಸು ಮಾಡುತ್ತೇನೆ’ ಎಂಬ ಒಕ್ಕಣೆ. ಕೆಳಗೆ ದೋರ್ಜಿಯ ಸಹಿ ಬೇಕಿತ್ತು.

“ಹಾಕಿದರೆ ಉತ್ತರದ ಹಾದಿ ಮುಚ್ಚುತ್ತದೆ, ಹಾಕದಿದ್ದರೆ ನಿಮ್ಮದು,” ಎಂದ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮೂರನೆಯ ದಿನ ಗದ್ದೆಯಲ್ಲಿದ್ದೆವು. ನ್ಯಾಮತಿ ಕಡೆಯ ಗಂಗಮ್ಮ ನಾಟಿ ಹೆಂಗಸರ ಗುಂಪಿನ ಮುಂದಾಳು. ಅವಳ ಗುಂಪನ್ನು ಮೊದಲು ತಮ್ಮ ಗದ್ದೆಗೇ ಗೊತ್ತುಮಾಡಿಕೊಳ್ಳಲು ಹೊನ್ನಾಳಿಯ ಗೌಡರೊಬ್ಬರು ಬಂದರು. ಎಲೆ-ಅಡಿಕೆ ಮುಂದೆ ಹಿಡಿದರು. ಅಲ್ಲಿಯ ವಾಡಿಕೆಯಲ್ಲಿ ಒಬ್ಬರ ಕೈಯಿಂದ ಎಲೆ, ಅಡಿಕೆ ಎರಡನ್ನೂ ತೆಗೆದುಕೊಂಡರೆ ಮಾತು ಕೊಟ್ಟಂತೆ.

“ಅಡಿಕೆ ಜಗಿಯಾಕೆ ಹಲ್ಲೆಲ್ಲಿ ಅದಾವ್ರಿ ಗೌಡ್ರೆ? ಎಲೆ ಕೊಡ್ರಿ ಸಾಕು,” ಎಂದಳು ಗಂಗಮ್ಮ. ಗೌಡರು ಎಲೆ ಕೊಟ್ಟು ಹೋದರು.

ತುಸು ಹೊತ್ತಿಗೆ ಬಸವಾಪಟ್ಟಣದ ಸಾಹುಕಾರರು ಬಂದರು, ಅದೇ ಕೆಲಸಕ್ಕೆ. “ಎಲೆ ಬಾಯಾಗೆ ಐತ್ರೀ ಸಾಹುಕಾರ್ರೆ, ಅಡಿಕೆ ಕೊಡ್ರಿ.”

ಅವರು ಬದು ದಾಟುತ್ತಲೇ ಹೆಂಗಸೊಬ್ಬಳು ಕೂಗಿದಳು: “ಗಂಗಕ್ಕ, ಹಲ್ಲು ಯಾವಾಗ ಬಂದ್ವೇ?”

“ಸಾಹುಕಾರ್ರ ಮುಖ ನೋಡಿದ ಕೂಡ್ಲೆ ಬಂದ್ವು ಕಣೆ!”

ನಾನು ದೋರ್ಜಿಗೆ ವಿವರಿಸಿದೆ. ಅವನು ನಗಲಿಲ್ಲ, ಮತ್ತೊಮ್ಮೆ ಹೇಳಿಸಿದ. ಆಮೇಲೆ ತನ್ನ ಹರಕು ಕನ್ನಡದಲ್ಲಿ ಅವಳನ್ನೇ ಕೇಳಿದ: “ಗಂಗಮ್ಮ, ನೀನು ಯಾರ ಕಡೆ?”

“ಇಬ್ರೂ ಬೇಕಲ್ಲ ದೋರ್ಜಪ್ಪ. ಈಗ ಗೌಡ್ರ ಕೆಲ್ಸ ಜಾಸ್ತಿ, ಬ್ಯಾಸಿಗಿಗೆ ಸಾಹುಕಾರ್ರದ್ದು. ಒಬ್ರ ಕೈಯಾಗೇ ಎಲ್ಲಾ ಇಸ್ಕಂಡ್ರೆ ಇನ್ನೊಬ್ರ ಗದ್ದಿಗೆ ಹೋಗಾಕೆ ಮುಖ ಇರ್ತೈತಾ?”

ಮರುದಿನ ಬೆಳಿಗ್ಗೆ ದೋರ್ಜಿ ಕರಡಿನಲ್ಲಿದ್ದ ‘ಓನ್ಲಿ’ ಎಂಬ ಒಂದೇ ಪದವನ್ನು ಹೊಡೆದುಹಾಕಿದ್ದ. ಕೆಳಗೆ ಒಂದು ಸಾಲು ಸೇರಿಸಿದ್ದ: ಬೀಜ ಭಾರತದ್ದು, ಬೆಳೆದ ಭತ್ತ ಕೂಡಿಡುವ ಕಣಜಗಳಿಗೆ ಉತ್ತರದ ನೆರೆಯವರ ನೆರವು. ಸಹಿಯೂ ಇತ್ತು.

ಕೇಂದ್ರದ ಮುಖ್ಯಸ್ಥರು ಜಗಳೂರಿನವರು. ಓದಿ ಕನ್ನಡಕ ತೆಗೆದರು. “ಇದೇನ್ರೀ ಮೇಷ್ಟ್ರೇ? ಹೂಂ ಅಂತಾರೋ, ಊಹೂಂ ಅಂತಾರೋ?”

ಪಕ್ಕದಲ್ಲೇ ನಿಂತಿದ್ದ ದೋರ್ಜಿ ಹಿಂದಿಯಲ್ಲಿ ಸ್ನೇಹ, ನೆರೆಹೊರೆ ಎಂದು ಉದ್ದಕ್ಕೆ ಹೇಳಿದ. ಅದನ್ನೆಲ್ಲ ಕನ್ನಡಕ್ಕೆ ತರುವುದು ನನ್ನ ಕರ್ತವ್ಯವಾಗಿತ್ತು. ನಾನು ಹೇಳಿದ್ದು ಇಷ್ಟೇ: “ನಮ್ಮ ಕೈಯಿಂದ ಎಲೆ ತಗೊಂಡಾರೆ ಸಾರ್.”

“ಅಡಿಕೆ?”

“ಆ ಕಡೆಯವರದು.”

ಅವರು ಕನ್ನಡಕ ಹಾಕಿ ಆ ಸಾಲನ್ನು ಮತ್ತೊಮ್ಮೆ ಓದಿದರು. ಕರಡು ತಿದ್ದಿದ್ದಕ್ಕೆ ಮೇಲಿನವರಿಗೆ ಉತ್ತರ ಕೊಡಬೇಕಾದವರು ಅವರೇ. ಆಮೇಲೆ ಜೋರಾಗಿ ನಕ್ಕರು. “ಸುಣ್ಣನಾದ್ರೂ ನಮ್ಮದೇ ಹಚ್ಕಳಾಕೆ ಹೇಳ್ರಿ!” ಎಂದು ಪತ್ರಕ್ಕೆ ತಮ್ಮ ಸಹಿಯನ್ನೂ ಹಾಕಿ ಕಳಿಸಿದರು.

ಆ ನಗುವಿಗೆ ನಾನು ಇಂದಿಗೂ ಕೃತಜ್ಞ. ಗಂಗಮ್ಮನಿಗೆ ಇನ್ನೂ ಹೆಚ್ಚು. ಅಲ್ಲಿಯವರೆಗೆ ಸ್ಪಷ್ಟ ಉತ್ತರ ಕೊಡದವರನ್ನು ಕಂಡರೆ ನನಗೆ ಅಸಡ್ಡೆಯಿತ್ತು. ನಾನು ದೊಡ್ಡ ದೇಶದ ಮನುಷ್ಯ, ಒಂದೇ ಮಾತು ಹೇಳಿ ದಕ್ಕಿಸಿಕೊಳ್ಳಬಲ್ಲವನು. ಆ ಅನುಕೂಲ ಎಲ್ಲರಿಗೂ ಇಲ್ಲವೆಂದು ಕಲಿಸಿದ್ದು ಆ ಗದ್ದೆ. ಮುಂದೆ ಯಾರನ್ನಾದರೂ ‘ಹೌದೋ ಅಲ್ಲವೋ’ ಎಂದು ಒತ್ತಾಯಿಸುವ ಮೊದಲು ತಡೆದು ನಿಲ್ಲುವುದನ್ನು ಕಲಿತೆ.

ಎಂಬತ್ತರ ದಶಕದ ಶುರುವಿನಲ್ಲಿ ಅದೇ ದೇಶದಿಂದ ಮತ್ತಿಬ್ಬರು ಕಲಿಯಲು ಬಂದರು. ನಮ್ಮ ಹಾದಿ ಮುಚ್ಚಿರಲಿಲ್ಲ. ದೋರ್ಜಿಯ ಹೆಸರು ಅವರು ಕೇಳಿರಲಿಲ್ಲ. ನಾನು ಬರೆದ ಎರಡು ಕಾಗದಗಳಿಗೆ ಉತ್ತರ ಬರಲಿಲ್ಲ. ಉತ್ತರದವರು ಆ ಕಣಜಗಳನ್ನು ಕಟ್ಟಿಕೊಟ್ಟರೇ, ಆ ಸಾಲಿನಿಂದ ದೋರ್ಜಿಗೆ ಒಳ್ಳೆಯದಾಯಿತೇ, ಕೆಲಸವೇ ಹೋಯಿತೇ, ನನಗೆ ಗೊತ್ತಿಲ್ಲ.